ಅಲಗಿನ ಮೇಲೆ 1917 ಅಂತಿದೆ. ಅದು 1917ರದ್ದೇನಾ? ಹಳೆಯ ಅಮೆರಿಕನ್ ಬಯೊನೆಟ್‌ಗಳ ಕಾಲ ಗುರುತಿಸುವ ಬಗ್ಗೆ

ಪೆನ್ಸಿಲ್ವೇನಿಯಾ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಸಾಮಾನನ್ನೆಲ್ಲ ಎಸ್ಟೇಟ್ ಸೇಲ್‌ಗೆ ಇಟ್ಟಿದ್ದರು. ಗ್ಯಾರೇಜಿನಲ್ಲಿ ಗುದ್ದಲಿ, ಗರಗಸಗಳ ನಡುವೆ ಒಂದು ಉದ್ದನೆಯ ಬಯೊನೆಟ್ (ರೈಫಲಿನ ತುದಿಗೆ ಸಿಕ್ಕಿಸುವ ಅಲಗು) ಸಿಕ್ಕಿತು. ಅಲಗು ಅಳೆದರೆ 17 ಇಂಚು. ಅಲಗಿನ ಬುಡದಲ್ಲಿ ಒಂದು ಕಡೆ 1917, ಅದರ ಕೆಳಗೆ ವೃತ್ತದೊಳಗೆ ರೆಮಿಂಗ್ಟನ್ ಹೆಸರು. ಇನ್ನೊಂದು ಕಡೆ ಯುಎಸ್ ಅಕ್ಷರ, ಜೊತೆಗೆ ಬೆಂಕಿ ಹೊತ್ತಿಕೊಂಡ ಗುಂಡಿನಂಥ ಪುಟ್ಟ ಚಿತ್ರ. ಮರದ ಹಿಡಿಯ ಮೇಲೆ ಅಡ್ಡಡ್ಡಲಾಗಿ ಎರಡು ಆಳವಾದ ಗೀರು. ಚರ್ಮದ ಒರೆಯೂ ಇದೆ.

ಮಾರಿದವರು "1917ರಲ್ಲಿ ಮಾಡಿದ್ದು, ಮೊದಲ ಮಹಾಯುದ್ಧ ನೋಡಿದ್ದು" ಅಂದರು. ಅಷ್ಟು ಖಚಿತವಾಗಿ ಹೇಳಬಹುದಾ? ಅಲ್ಲಲ್ಲಿ ತುಕ್ಕು ಹಿಡಿದಿದೆ, ನಾಳೆ ವೈರ್ ಬ್ರಷ್ ಹಾಕಿ ಉಜ್ಜೋಣ ಅಂದುಕೊಂಡಿದ್ದೇನೆ.

ಒರೆ_ಅಲಗು:
ದಯವಿಟ್ಟು ವೈರ್ ಬ್ರಷ್ ಮುಟ್ಟಬೇಡಿ. ಉಳಿದದ್ದೆಲ್ಲ ಆಮೇಲೆ. ಅಲಗಿನ ಮೇಲಿರುವ ಆ ಕಪ್ಪು-ಕಂದು ಪದರವೇ ಅದರ ಇತಿಹಾಸ. ಕಾರ್ಖಾನೆಯಲ್ಲಿ ಯಾವ ಬಣ್ಣ ಕೊಟ್ಟಿದ್ದರು, ಆಮೇಲೆ ಯಾರಾದರೂ ಮತ್ತೆ ಬಣ್ಣ ಹಾಕಿಸಿದರಾ ಅನ್ನುವುದನ್ನು ಹೇಳುವುದು ಅದೇ. ಬ್ರಷ್ ಹಾಕಿದರೆ ಐದು ನಿಮಿಷದಲ್ಲಿ ಎಲ್ಲ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಈಗ ವಿಷಯಕ್ಕೆ ಬರೋಣ. ನಿಮ್ಮದು ಎಂ1917 ಬಯೊನೆಟ್. ಹಿಡಿಯ ಮೇಲಿನ ಎರಡು ಗೀರು ನೋಡಿದರೇ ಸಾಕು. ಇದರ ಮೂಲ ಬ್ರಿಟಿಷರ 1913ರ ಮಾದರಿ. ಅದು ಕೂರುವ ಪಿ14 ಅನ್ನುವ ರೈಫಲ್ ಮಾಡಿಕೊಡುವ ಗುತ್ತಿಗೆಯನ್ನು ಬ್ರಿಟನ್ ಅಮೆರಿಕದ ಕಾರ್ಖಾನೆಗಳಿಗೆ ಕೊಟ್ಟಿತ್ತು. 1917ರಲ್ಲಿ ಅಮೆರಿಕವೇ ಯುದ್ಧಕ್ಕೆ ಇಳಿದಾಗ ತನ್ನ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳು ಸಾಲಲಿಲ್ಲ. ಅದೇ ಯಂತ್ರಗಳಲ್ಲಿ ಅದೇ ರೈಫಲನ್ನು ಅಮೆರಿಕದ ಗುಂಡಿಗೆ ಹೊಂದಿಸಿ ಎಂ1917 ಅಂತ ಕರೆದರು. ಬಯೊನೆಟ್ಟೂ ಹಾಗೆಯೇ ಬಂತು. ರೆಮಿಂಗ್ಟನ್ ಮತ್ತು ವಿಂಚೆಸ್ಟರ್ ಮಾಡಿದವು. ವಿಂಚೆಸ್ಟರ್‌ದಾದರೆ ವೃತ್ತದೊಳಗೆ ಡಬ್ಲ್ಯೂ ಅಕ್ಷರ ಇರುತ್ತದೆ. ಹಿಡಿಯ ಗೀರುಗಳು ಅಲಂಕಾರಕ್ಕಲ್ಲ. ಬ್ರಿಟಿಷರ 1907ರ ಬಯೊನೆಟ್ ದೂರದಿಂದ ನೋಡಿದರೆ ಇದರ ಹಾಗೇ ಕಾಣುತ್ತದೆ, ಆದರೆ ಅದರ ರೈಫಲ್ಲೇ ಬೇರೆ, ಇದು ಅದಕ್ಕೆ ಕೂರುವುದಿಲ್ಲ. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ ಗೀರು ಹಾಕಿದರು.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅಲ್ಲಿರುವ 1917 ಮಾದರಿಯ ಇಸವಿ. ಆ ವರ್ಷವೇ ಮಾಡಿದ್ದೂ ಇರಬಹುದು, 1918ರಲ್ಲಿ ಮಾಡಿದ್ದೂ ಇರಬಹುದು. ಇನ್ನೊಂದು ಸಂಗತಿ ಕೇಳಿ. ಇದೇ ಬಯೊನೆಟ್ಟನ್ನು 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ, ಮತ್ತೆ ಹೊಸದಾಗಿ ಮಾಡಿಸಿದರು. ಸೈನ್ಯದ ಶಾಟ್‌ಗನ್‌ಗಳಿಗೆ ಕೂರುತ್ತಿದ್ದುದು ಇದೇ, ಅದಕ್ಕೆ. ಆಗ ಮಾಡಿದವರು ಓಹಾಯೋದ ಜನರಲ್ ಕಟ್ಲರಿ ಮತ್ತು ಕೆನಡಾದ ಕೆನೆಡಿಯನ್ ಆರ್ಸೆನಲ್ಸ್. ನಿಮ್ಮದರಲ್ಲಿ ರೆಮಿಂಗ್ಟನ್ ಇರುವುದರಿಂದ ಆ ಚಿಂತೆ ಇಲ್ಲ. ಆದರೆ ಮೊದಲ ಯುದ್ಧದಲ್ಲಿ ಮಾಡಿದವನ್ನೇ ಎರಡನೆಯ ಯುದ್ಧಕ್ಕೆ ರಿಪೇರಿ ಮಾಡಿ ಕಳಿಸಿದ್ದೂ ಬಹಳ ಇದೆ. ಹಾಗಾಗಿ ಮೂರು ವಿಷಯ ತಿಳಿಸಿ. ಅಲಗಿನ ಬಣ್ಣ ನುಣುಪಾದ ನೀಲಿಗಪ್ಪೋ, ಬೂದು ಬಣ್ಣದ ಒರಟೋ? ಒರೆಯ ಚರ್ಮ ಯಾವ ಬಣ್ಣ? 1917ರ ಅಕ್ಕಪಕ್ಕ ಹಳೆಯ ಬ್ರಿಟಿಷ್ ಮುದ್ರೆ ಹೊಡೆದುಹಾಕಿದ ಗುರುತು ಇದೆಯಾ?

ಪೆನ್ಸಿಲ್ವೇನಿಯಾ_ಕನ್ನಡಿಗ:
ಇಷ್ಟು ವಿವರ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಬ್ರಷ್ ವಾಪಸ್ ಡಬ್ಬಿಗೆ ಹೋಯಿತು. ಬಣ್ಣ ನುಣುಪಾದ ಕಡುಗಪ್ಪು, ಬೆಳಕಿಗೆ ಹಿಡಿದರೆ ಸ್ವಲ್ಪ ನೀಲಿ ಕಾಣುತ್ತದೆ. ಒರೆ ಕಪ್ಪು ಅಂದುಕೊಂಡಿದ್ದೆ, ಆದರೆ ಹೊಲಿಗೆಯ ಸಂದಿಯಲ್ಲಿ ಹಸಿರು ಇದೆ. ಬಾಯಿಗೂ ತುದಿಗೂ ಉಕ್ಕಿನ ಕಟ್ಟು. ಮುದ್ರೆಗಳು ತುಂಬಾ ಮಸುಕಾಗಿವೆ.

ಒರೆ_ಅಲಗು:
ಸಂದಿಯಲ್ಲಿ ಹಸಿರು ಕಂಡಿರಲ್ಲ, ಬಹಳ ಒಳ್ಳೆಯದು. ಮೊದಲ ಯುದ್ಧದ ಎಂ1917 ಒರೆಗಳು ಹಸಿರು ಚರ್ಮದವೇ. ನೂರು ವರ್ಷ ಎಣ್ಣೆ, ಧೂಳು, ಕೈ ಬೆವರು ಕುಡಿದು ಕಪ್ಪಾಗುತ್ತವೆ. ಎರಡನೆಯ ಯುದ್ಧದ ಹೊತ್ತಿಗೆ ಒರೆ ಪ್ಲಾಸ್ಟಿಕ್ಕಿಗೆ ಬಂತು, ರಿಪೇರಿಗೆ ಹೋದ ಅಲಗುಗಳಿಗೆ ಪಾರ್ಕರೈಸಿಂಗ್ ಬಿತ್ತು. ಪಾರ್ಕರೈಸಿಂಗ್ ಅಂದರೆ ಫಾಸ್ಫೇಟ್ ಲೇಪ, ಹೊಳಪಿಲ್ಲದ ಬೂದು ಬಣ್ಣ. ಬೆರಳಾಡಿಸಿದರೆ ಸಣ್ಣಗೆ ತರಿತರಿ. ನಿಮ್ಮದು ನುಣುಪಾಗಿದೆ ಅಂದರೆ ರಿಪೇರಿಗೆ ಹೋಗದೆ ಉಳಿದುಕೊಂಡದ್ದು ಇರಬೇಕು.

ಮಸುಕಾದ ಮುದ್ರೆ ಓದಲು ಕೆರೆಯುವುದು ಬೇಡ. ತೆಳುವಾದ ಮೆಶಿನ್ ಎಣ್ಣೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ. ಕೆಂಪು ಪುಡಿಯಾಗಿ ಬಟ್ಟೆಗೆ ಬರುತ್ತದಲ್ಲ, ಬೆಳೆಯುತ್ತಿರುವ ತುಕ್ಕು ಅದೊಂದೇ. ಅದು ಹೋಗಲಿ, ಉಳಿದದ್ದು ಇರಲಿ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಅಲಗಿಗೆ ತಾಗುವಷ್ಟು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಅಷ್ಟಕ್ಕೂ ಕಾಣದಿದ್ದರೆ ಸೀಮೆಸುಣ್ಣದ ಪುಡಿ ಸವರಿ ನೋಡಿ.

ಬಯೊನೆಟ್ಟನ್ನು ಚರ್ಮದ ಒರೆಯೊಳಗೇ ಇಟ್ಟುಬಿಡಬೇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ರಾಸಾಯನಿಕಗಳೂ ಅದರಲ್ಲೇ ಇರುತ್ತವೆ. ಎರಡೂ ಸೇರಿ ಅಲಗನ್ನು ತಿನ್ನುತ್ತವೆ. ಪಕ್ಕಪಕ್ಕ ಇಡಿ, ಒಂದರೊಳಗೊಂದು ಬೇಡ.

ಮಡಿಕೇರಿ_ಮಳೆ:
ನಮ್ಮ ಮನೆಯಲ್ಲೂ ಇಂಥದ್ದೊಂದು ಇದೆ. ಅಜ್ಜ ಸೈನ್ಯದಲ್ಲಿದ್ದರು. ಅವರ ಪೆಟ್ಟಿಗೆಯಲ್ಲಿ ಇದ್ದದ್ದು. ಅಲಗಿನ ಮೇಲೆ ಕಿರೀಟ, ಕೆಳಗೆ 1907. ಮನೆಯಲ್ಲಿ ಎಲ್ಲರೂ 1907ರದ್ದು ಅಂತಲೇ ಹೇಳಿಕೊಂಡು ಬಂದಿದ್ದಾರೆ. ಅದೂ ಇದೇ ಕಥೆಯಾ?

ಒರೆ_ಅಲಗು:
ಹೌದು ಮೇಡಂ, ಇದೇ ಕಥೆ. ನಾನು ಮೇಲೆ ಹೇಳಿದ 1907ರ ಬ್ರಿಟಿಷ್ ಮಾದರಿಯೇ ಅದು, ಲೀ-ಎನ್‌ಫೀಲ್ಡ್ ರೈಫಲಿನದು. 1907 ಅನ್ನುವುದು ಮಾದರಿಯ ಇಸವಿ. ಅದರ ಕೆಳಗೆ ಸಣ್ಣ ಅಂಕೆಗಳಿವೆಯಾ ನೋಡಿ. ತಿಂಗಳು, ಆಮೇಲೆ ವರ್ಷದ ಕೊನೆಯ ಎರಡು ಅಂಕೆ ಇರುತ್ತದೆ. 5, ಅದರ ಪಕ್ಕ 17 ಅಂತ ಇದ್ದರೆ 1917ರ ಮೇ. ಕಾರ್ಖಾನೆಯ ಹೆಸರೂ ಅಲ್ಲೇ, ವಿಲ್ಕಿನ್ಸನ್, ಸ್ಯಾಂಡರ್ಸನ್ ಹೀಗೆ. ಅಲಗು 17 ಇಂಚಿನ ಬದಲು 12 ಇಂಚು ಇದ್ದು ಆರ್‌ಎಫ್‌ಐ ಅಂತ ಇದ್ದರೆ ಬಂಗಾಳದ ಈಶಾಪುರ ಕಾರ್ಖಾನೆಯದು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯಕ್ಕೆ ಅಂಥ ಗಿಡ್ಡ ಅಲಗಿನವನ್ನು ಅಲ್ಲಿ ಮಾಡಿದರು.

ಅಜ್ಜ ಯಾವ ರೆಜಿಮೆಂಟಿನಲ್ಲಿದ್ದರು, ಯಾವ ವರ್ಷ ಸೇರಿದರು ಅನ್ನುವುದನ್ನು ಗೊತ್ತಿರುವವರು ಇರುವಾಗಲೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅಲಗಿನ ಮೇಲಿನ ಯಾವ ಮುದ್ರೆಯೂ ಅದನ್ನು ಹೇಳುವುದಿಲ್ಲ.

ಧಾರವಾಡದಾಂವ:
ಅಲ್ರೀ ಸರ, ಹಂಗಾದ್ರ ಇಸವಿ ಬರದಿದ್ದು ಯಾವುದನ್ನೂ ನಂಬೂ ಹಂಗ ಇಲ್ಲೇನ್ರಿ? ನಾ ಟೆಕ್ಸಸ್‌ನ್ಯಾಗ ಗನ್ ಶೋಕ್ಕ ಹೋಗಿದ್ದೆ. ಒಂದರ ಮ್ಯಾಲೆ 1899 ಅಂತಿತ್ತು, ಇನ್ನೊಂದರ ಮ್ಯಾಲೆ 1908. ಎರಡೂ ಅಮೆರಿಕಾದ್ದಾ. ಅವನೂ ಸುಳ್ಳೇನ್ರಿ?

ಒರೆ_ಅಲಗು:
ಅವೆರಡನ್ನೂ ನಂಬಬಹುದು ಸರ್, ಸ್ವಲ್ಪ ಷರತ್ತಿನ ಮೇಲೆ.

1899 ಅಂತ ಇದ್ದದ್ದು ಆಗಿನ ಅಮೆರಿಕನ್ ಸೈನ್ಯದ ಕ್ರ್ಯಾಗ್ ರೈಫಲಿನ ಬಯೊನೆಟ್ ಇರಬೇಕು. ಅಲಗು 12 ಇಂಚಿಗೆ ಸ್ವಲ್ಪ ಕಡಿಮೆ, ಸ್ವಿಸ್ ಮಾದರಿ ನೋಡಿ ಮಾಡಿದ್ದು. ಒಂದು ಕಡೆ ಯುಎಸ್, ಇನ್ನೊಂದು ಕಡೆ ಇಸವಿ. ಇಲ್ಲಿ ಇಸವಿ ಅಂದರೆ ಮಾಡಿದ ವರ್ಷವೇ. 1894ರಿಂದ 1903ರವರೆಗಿನವು ಸಿಗುತ್ತವೆ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂದಿದ್ದರಿಂದ ಆ ಅಕ್ಕಪಕ್ಕದ ಇಸವಿಗಳೇ ಜಾಸ್ತಿ ಕಾಣುತ್ತವೆ. 1894 ಸಿಗುವುದು ಕಷ್ಟ. ಹಾಗಾಗಿ ಯಾರಾದರೂ ನಿಮಗೆ 1894 ತೋರಿಸಿದರೆ ಕೊನೆಯ ಅಂಕೆಯನ್ನು ಭೂತಗನ್ನಡಿಯಲ್ಲಿ ನೋಡಿಯೇ ದುಡ್ಡು ತೆಗೆಯಿರಿ.

1908ರದ್ದು ಎಂ1905. ನನಗೆ ತುಂಬಾ ಇಷ್ಟವಾದದ್ದು ಇದು. ಅದಕ್ಕೊಂದು ಹಿನ್ನೆಲೆ ಇದೆ. 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ ಮೊದಲು ಕೊಟ್ಟಿದ್ದು ಅಲಗಲ್ಲ, ನಳಿಗೆಯ ಕೆಳಗಿನಿಂದ ಎಳೆಯುವ ಒಂದು ಉಕ್ಕಿನ ಕಡ್ಡಿ. 1905ರ ಜನವರಿಯಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ನೋಡಿ, ಇಷ್ಟು ಕಳಪೆ ವಸ್ತು ಮತ್ತೊಂದಿಲ್ಲ ಅನ್ನುವ ಅರ್ಥದಲ್ಲಿ ಯುದ್ಧ ಕಾರ್ಯದರ್ಶಿಗೆ ಪತ್ರ ಬರೆದರು. ರೈಫಲ್ ತಯಾರಿಯೇ ನಿಂತಿತು. ಆಗ ಬಂದದ್ದು ಈ 16 ಇಂಚಿನ ಅಲಗು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಮತ್ತು ಇಲಿನಾಯ್‌ನ ರಾಕ್ ಐಲೆಂಡ್ ಎರಡು ಸರಕಾರಿ ಕಾರ್ಖಾನೆಗಳಲ್ಲಿ ಮಾಡಿದರು. ಅಲಗಿನ ಬುಡದ ಒಂದು ಕೆನ್ನೆಯ ಮೇಲೆ ಕಾರ್ಖಾನೆಯ ಗುರುತಾಗಿ ಎಸ್‌ಎ ಅಥವಾ ಆರ್‌ಐಎ, ನಡುವೆ ಉರಿಯುವ ಗುಂಡು, ಕೆಳಗೆ ವರ್ಷ. ಇನ್ನೊಂದು ಕೆನ್ನೆಯಲ್ಲಿ ಯುಎಸ್ ಮತ್ತು ಕ್ರಮಸಂಖ್ಯೆ. ಎರಡೂ ಕಾರ್ಖಾನೆಗಳ ಸಂಖ್ಯೆಗಳ ಸಾಲು ಬೇರೆ ಬೇರೆ, ರೈಫಲಿನ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. "ನಂಬರ್ ಮ್ಯಾಚಿಂಗ್ ಸೆಟ್" ಅಂತ ಹೇಳಿ ಹೆಚ್ಚು ಬೆಲೆ ಕೇಳುವವರ ಮಾತಿಗೆ ಆಧಾರವಿಲ್ಲ.

ಷರತ್ತು ಇರುವುದು ಇಲ್ಲಿ. ಮೊದಲ ಯುದ್ಧಕ್ಕೂ ಮುಂಚಿನ ಎಂ1905 ಅಲಗು ಬೆಳ್ಳಗೆ ಹೊಳೆಯುತ್ತಿತ್ತು, ಹಿಡಿ ವಾಲ್ನಟ್ ಮರದ್ದು. 1908 ಅಂತಿದ್ದೂ ಅಲಗು ಬೂದು, ಹಿಡಿ ಪ್ಲಾಸ್ಟಿಕ್ ಇದ್ದರೆ ಏನರ್ಥ? 1908ರಲ್ಲಿ ಹುಟ್ಟಿ, 1940ರ ದಶಕದಲ್ಲಿ ರಿಪೇರಿ ಕಂಡು, ಎರಡನೆಯ ಯುದ್ಧಕ್ಕೆ ಹೋದದ್ದು. ಅದನ್ನು ನಕಲಿ ಅನ್ನಬಾರದು. ಎರಡು ಇಸವಿಯ ವಸ್ತು ಅದು, ಎರಡನ್ನೂ ಬರೆದಿಡಬೇಕು.

ಧಾರವಾಡದಾಂವ:
ಭಾಳ ಚಲೋ ಹೇಳಿದ್ರಿ. ನಾ ನೋಡಿದ್ದು 1908 ಖರೇ, ಆದ್ರ ಅಲಗು ಗಿಡ್ಡ ಇತ್ರಿ. 10 ಇಂಚ್ ಇದ್ದೀತು. ಅಂಗಡ್ಯಾಂವ "ರೇರ್ ಶಾರ್ಟ್ ಮಾಡೆಲ್" ಅಂದ.

ಒರೆ_ಅಲಗು:
ಕತ್ತರಿಸಿದ್ದು ಅದು. ಕತ್ತರಿಸಿದವರು ಸೈನ್ಯದವರೇ, ಆದರೆ ಅಪರೂಪದ್ದಲ್ಲ.

1942ರಲ್ಲಿ ಯುದ್ಧದ ಬೇಡಿಕೆಗೆ 16 ಇಂಚಿನ ಬಯೊನೆಟ್ಟನ್ನು ಖಾಸಗಿ ಕಂಪನಿಗಳು ಮತ್ತೆ ಮಾಡತೊಡಗಿದವು. ಅಮೆರಿಕನ್ ಫೋರ್ಕ್ ಅಂಡ್ ಹೋ, ಯೂನಿಯನ್ ಫೋರ್ಕ್ ಅಂಡ್ ಹೋ ಅಂತ ಎರಡು ಹೆಸರು ಬರುತ್ತವೆ. ಹೊಲ-ತೋಟದ ಸಲಕರಣೆ ಮಾಡುತ್ತಿದ್ದವರು. ಒನೈಡಾ ಚಮಚ-ಫೋರ್ಕಿನವರು. ಜೊತೆಗೆ ಯುಟಿಕಾ, ಪಾಲ್, ವೈಲ್ಡ್ ಕಂಪನಿಗಳು. ಇವುಗಳ ಮೇಲೆ ಕಂಪನಿಯ ಮೊದಲಕ್ಷರಗಳು, 1942 ಅಥವಾ 1943 ಇರುತ್ತದೆ, ಕ್ರಮಸಂಖ್ಯೆ ಇರುವುದಿಲ್ಲ. ಅಷ್ಟರಲ್ಲಿ 16 ಇಂಚು ಉದ್ದವಾಯಿತು, 10 ಸಾಕು ಅಂತ ಸೈನ್ಯ ತೀರ್ಮಾನಿಸಿತು. 1943ರಲ್ಲಿ ಎಂ1 ಬಯೊನೆಟ್ ಬಂತು. ಇದ್ದ ಉದ್ದದವನ್ನೂ ವಾಪಸ್ ತರಿಸಿ 10 ಇಂಚಿಗೆ ಕತ್ತರಿಸಿದರು. ಅವುಗಳಿಗೆ ಎಂ1905ಇ1 ಅಂತ ಹೆಸರು.

ಗುರುತಿಸುವುದು ಸುಲಭ. ಅಲಗಿನ ಉದ್ದಕ್ಕೂ ಒಂದು ಕಾಲುವೆ ಇರುತ್ತದಲ್ಲ, ಅದರ ಮೇಲೆ ಬೆರಳಿಟ್ಟು ಮೊನೆಯ ಕಡೆ ಹೋಗಿ. ಮೊನೆಗೆ ಮೊದಲೇ ದುಂಡಗೆ ಮುಗಿದರೆ ಹುಟ್ಟಿನಿಂದಲೇ 10 ಇಂಚಿನ ಎಂ1. ಮೊನೆಯ ತನಕ ಓಡಿ ಅಂಚಿನಲ್ಲಿ ಬಯಲಾದರೆ ಕತ್ತರಿಸಿದ್ದು. ಎಂ1 ಮೇಲೆ ಇಸವಿಯೇ ಇರುವುದಿಲ್ಲ. ಆದ್ದರಿಂದ 10 ಇಂಚಿನ ಅಲಗು, ಮೇಲೆ ಇಸವಿ ಇದೆ ಅಂದರೆ ಕಾಲುವೆ ನೋಡುವ ಮೊದಲೇ ಉತ್ತರ ಅರ್ಧ ಸಿಕ್ಕಿತು. (ಆ ಕಾಲುವೆ ರಕ್ತ ಹರಿಯಲಿಕ್ಕೆ ಅಂತ ಗನ್ ಶೋಗಳಲ್ಲಿ ಹೇಳುತ್ತಾರೆ. ಅದು ತೂಕ ಇಳಿಸಲಿಕ್ಕೆ.)

ಓಹಾಯೋ_ಅಕ್ಕ:
ನಾನು ಸುಮ್ಮನೆ ಓದುತ್ತಿದ್ದವಳು, ಈಗ ಕೇಳಲೇಬೇಕು. ನಮ್ಮೂರಿನ ಆಂಟಿಕ್ ಮಾಲ್‌ನಲ್ಲಿ ಒಂದು ಬಯೊನೆಟ್ ಇದೆ. ಇದಕ್ಕೆ ಹಿಡಿಯೇ ಇಲ್ಲ. ಹಿಂದೆ ಒಂದು ಕೊಳವೆ, ಅದರಿಂದ ಮೊಣಕೈ ಥರ ಬಾಗಿ ಮೂರು ಮೂಲೆಯ ಉದ್ದ ಮೊನೆ. "ಸಿವಿಲ್ ವಾರ್, 1861" ಅಂತ ಚೀಟಿ ಅಂಟಿಸಿದ್ದಾರೆ. ಮಗ ಶಾಲೆಯಲ್ಲಿ ಅಂತರ್ಯುದ್ಧದ ಪಾಠ ಓದುತ್ತಿದ್ದಾನೆ, ಅವನಿಗೆ ಕೊಡಿಸಬೇಕು ಅಂತ ಆಸೆ. ಅದರ ಮೇಲೆ ಯುಎಸ್ ಬಿಟ್ಟರೆ ಇಸವಿ ಇಲ್ಲ, ಕಂಪನಿ ಹೆಸರಿಲ್ಲ. ಹೇಗೆ ತಿಳಿಯುವುದು?

ಒರೆ_ಅಲಗು:
ಅಕ್ಕ, ಅದು ಸಾಕೆಟ್ ಬಯೊನೆಟ್. ಅಂಗಡಿಗೆ ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೋಗಿ. ಇಲ್ಲಿ ಕಣ್ಣಿಗಿಂತ ಅದೇ ಮುಖ್ಯ. ಕೊಳವೆ ರೈಫಲಿನ ನಳಿಗೆಯ ಮೇಲೆ ಬಿಗಿಯಾಗಿ ಕೂರಬೇಕಿತ್ತು, ಆದ್ದರಿಂದ ಕೊಳವೆಯ ಒಳಅಳತೆಯೇ ಅದು ಯಾವ ರೈಫಲಿನದು ಅಂತ ಹೇಳುತ್ತದೆ. ಸುಮಾರು 0.78 ಇಂಚು ಬಂದರೆ 1855ರ ಮಾದರಿ. ಅಂತರ್ಯುದ್ಧದ 1861ರ ಸ್ಪ್ರಿಂಗ್‌ಫೀಲ್ಡ್ ರೈಫಲ್-ಮಸ್ಕೆಟ್ಟಿಗೆ ಹಾಕುತ್ತಿದ್ದದ್ದು ಅದೇ. ಸುಮಾರು 0.73 ಬಂದರೆ 1873ರ ಟ್ರ್ಯಾಪ್‌ಡೋರ್ (ಮುಚ್ಚಳ ಮೇಲೆತ್ತಿ ಗುಂಡು ತುಂಬುವ) ರೈಫಲಿನದು, ಅಂದರೆ ಯುದ್ಧ ಮುಗಿದ ಮೇಲಿನದು. 0.8 ದಾಟಿದರೆ 1842ರಂಥ ದೊಡ್ಡ ಬಾಯಿಯ ಹಳೆಯ ಮಸ್ಕೆಟ್ಟಿನದು. ಕೊಳವೆಯ ಸುತ್ತ ತಿರುಗುವ ಬಿಗಿ ಉಂಗುರ ಇದೆಯಾ ನೋಡಿ. ಅಮೆರಿಕದಲ್ಲಿ ಆ ಉಂಗುರ ಬಂದದ್ದು 1835ರ ಮಾದರಿಯಿಂದ. ಅದಕ್ಕೂ ಹಿಂದಿನ 1816ರದ್ದರಲ್ಲಿ ಇಲ್ಲ.

ಬಣ್ಣವೂ ನೋಡಿ. ಅಂತರ್ಯುದ್ಧದವು ಬೆಳ್ಳಗಿನ ಉಕ್ಕು, 1873ರವು ನೀಲಿಗಪ್ಪು. ಹೊರಗೆ ಬಣ್ಣ ಸವೆದಿದ್ದರೂ ಬಾಗಿದ ಜಾಗದಲ್ಲಿ, ಉಂಗುರದ ಅಡಿಯಲ್ಲಿ ಉಳಿದಿರುತ್ತದೆ.

ಕ್ಯಾಲಿಪರ್_ಕೈಯಲ್ಲಿ:
ಒಂದು ಆಕ್ಷೇಪ. ಅಳತೆಯೊಂದರಿಂದಲೇ "ಯುದ್ಧ ಮುಗಿದ ಮೇಲಿನದು" ಅಂದುಬಿಡುವುದು ಸರಿಯಲ್ಲ. ಯುದ್ಧ ಮುಗಿದಾಗ ಸರಕಾರದ ಬಳಿ 1855ರ ಬಯೊನೆಟ್ ರಾಶಿ ರಾಶಿ ಉಳಿದಿತ್ತು. ಟ್ರ್ಯಾಪ್‌ಡೋರ್ ಬಂದಾಗ ಅವುಗಳ ಕೊಳವೆಯನ್ನು ಕಾಯಿಸದೆ ಒತ್ತಿ ಕಿರಿದು ಮಾಡಿ ಹೊಸ ರೈಫಲಿಗೆ ಕೂರಿಸಿದರು. 0.73 ಬಂದರೂ ಉಕ್ಕು 1863ರದ್ದು ಇರಬಹುದಲ್ಲ?

ಒರೆ_ಅಲಗು:
ಒಪ್ಪುತ್ತೇನೆ, ಇದನ್ನು ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಮಾರುವವರು "ಇರಬಹುದು" ಅನ್ನುವುದನ್ನೇ ಹಿಡಿದುಕೊಂಡು ಪ್ರತಿ ಟ್ರ್ಯಾಪ್‌ಡೋರ್ ಬಯೊನೆಟ್ಟಿಗೂ ಅಂತರ್ಯುದ್ಧದ ಬೆಲೆ ಹಾಕುತ್ತಾರೆ. ಈಗ ಕೈಯಲ್ಲಿರುವ ರೂಪ ಯಾವ ಕಾಲದ್ದೋ ಆ ಕಾಲದ ಬೆಲೆ ಕೊಡಬೇಕು ಅನ್ನುವುದು ನನ್ನ ನಿಲುವು. ಹಳೆಯ ಉಕ್ಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಲಿ.

ಅಕ್ಕ, ಯುಎಸ್ ಇಲ್ಲದ್ದು ಕಂಡರೂ ಬಿಸಾಡಬೇಡಿ. ಬ್ರಿಟನ್ನಿನಿಂದ ತರಿಸಿದ ಎನ್‌ಫೀಲ್ಡ್ ರೈಫಲ್‌ಗಳನ್ನು ಎರಡೂ ಪಕ್ಷದವರು ಬಳಸಿದರು, ಅವುಗಳ ಬಯೊನೆಟ್ ಮೇಲೆ ಬ್ರಿಟಿಷ್ ಮುದ್ರೆಗಳಿರುತ್ತವೆ. ಆದರೆ ದಕ್ಷಿಣದ ಒಕ್ಕೂಟದ ಸಿಎಸ್ ಅಕ್ಷರ ಕೆತ್ತಿದ್ದು ಸಿಕ್ಕಿತು ಅಂದರೆ ಖುಷಿಪಡುವ ಮೊದಲು ಅನುಮಾನಪಡಿ. ಆ ಎರಡಕ್ಷರ ಬಿದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ, ಆದ್ದರಿಂದ ಆಮೇಲೆ ಒತ್ತಿದ್ದೇ ಹೆಚ್ಚು. ಅಕ್ಷರದ ತಳ ನೋಡಿ. ಸುತ್ತಲಿನ ಉಕ್ಕು ಕಂದಾಗಿ, ಗುಳಿ ಬಿದ್ದು ಹಳೆಯದಾಗಿದ್ದೂ ಅಕ್ಷರದ ಅಂಚು ಮಾತ್ರ ಚೂಪಾಗಿ, ತಳ ಬೆಳ್ಳಗಿದ್ದರೆ ಅದು ಹೊಸ ಏಟು.

ಮಗನಿಗೆ ಇದನ್ನೂ ಹೇಳಿ. ಆ ಯುದ್ಧದಲ್ಲಿ ಬಯೊನೆಟ್ಟಿನಿಂದ ಗಾಯಗೊಂಡವರು, ಉತ್ತರದ ಸೈನ್ಯದ ವೈದ್ಯಕೀಯ ದಾಖಲೆಗಳ ಪ್ರಕಾರ, ನೂರಕ್ಕೆ ಒಬ್ಬರೂ ಇಲ್ಲ. ಸೈನಿಕರು ಮೊನೆಯನ್ನು ನೆಲಕ್ಕೆ ಚುಚ್ಚಿ ಕೊಳವೆಯಲ್ಲಿ ಮೇಣದಬತ್ತಿ ನಿಲ್ಲಿಸಿ ಮನೆಗೆ ಪತ್ರ ಬರೆಯುತ್ತಿದ್ದರು. ಅಂಗಡಿಯಲ್ಲಿ ಕೊಳವೆಯೊಳಗೆ ಇಣುಕುವಾಗ ಅವನಿಗೆ ಅದನ್ನು ತೋರಿಸಿ. ಆ ಯುದ್ಧದ ಕದನ ನಡೆದ ಗೆಟ್ಟಿಸ್‌ಬರ್ಗ್‌ಗೆ ಕರೆದುಕೊಂಡು ಹೋದರೆ ನೆಲ ಅಗೆಯುವುದು, ಮೆಟಲ್ ಡಿಟೆಕ್ಟರ್ ಓಡಿಸುವುದು ಎರಡೂ ಅಪರಾಧ, ಅದು ರಾಷ್ಟ್ರೀಯ ಉದ್ಯಾನದ ಜಾಗ.

ಧಾರವಾಡದಾಂವ:
ಸರ, ಸಲಿಕಿ ಹಂಗ ಅಗಲ ಇರೋ ಬಯೊನೆಟ್ ಒಂದು ಫೋಟೊದಾಗ ನೋಡೇನ್ರಿ. ಅದು ಖರೇನ ಸೈನ್ಯದ್ದಾ?

ಒರೆ_ಅಲಗು:
ಸೈನ್ಯದ್ದೇ. 1873ರ ಟ್ರೊವೆಲ್ ಬಯೊನೆಟ್, ರೈಸ್ ಅನ್ನುವ ಸೇನಾಧಿಕಾರಿಯ ಕಲ್ಪನೆ. ಟ್ರ್ಯಾಪ್‌ಡೋರ್ ರೈಫಲಿಗೆ ಕೂರುತ್ತಿತ್ತು. ಚುಚ್ಚಲಿಕ್ಕೂ ಆಗಬೇಕು, ಮಲಗಿದಲ್ಲೇ ಕಂದಕ ತೋಡಲಿಕ್ಕೂ ಆಗಬೇಕು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸುಮಾರು 10,000 ಮಾಡಿದರು, ಹೆಚ್ಚು ದಿನ ನಡೆಯಲಿಲ್ಲ. ಹಳೆಯ ತೋಟದ ಸಲಕರಣೆಗಳ ಬುಟ್ಟಿಯಲ್ಲಿ ಗಾರೆ ಕರಣೆಯ ಹಿಂದೆ ಕೊಳವೆ ಕಂಡರೆ ತಿರುಗಿಸಿ ನೋಡಿ.

ಪೆನ್ಸಿಲ್ವೇನಿಯಾ_ಕನ್ನಡಿಗ:
ಸರ್, ಎಣ್ಣೆ ಹಾಕಿ, ಟಾರ್ಚ್ ಓರೆ ಹಿಡಿದು ನೋಡಿದೆ. 1917 ಸ್ಪಷ್ಟವಾಗಿದೆ, ಹೊಡೆದುಹಾಕಿದ ಮುದ್ರೆ ಯಾವುದೂ ಇಲ್ಲ. ಇನ್ನೊಂದು ಪ್ರಶ್ನೆ. ಡಿಸೆಂಬರಿನಲ್ಲಿ ಮೈಸೂರಿಗೆ ಬರುತ್ತಿದ್ದೇನೆ. ನಮ್ಮ ಮಾವನವರಿಗೆ ಇಂಥ ವಸ್ತುಗಳೆಂದರೆ ಪ್ರಾಣ. ಚೆಕ್-ಇನ್ ಬ್ಯಾಗಿನಲ್ಲಿ ತರಬಹುದಾ?

ಒರೆ_ಅಲಗು:
ಹಾಗಾದರೆ ಬ್ರಿಟಿಷರ ಉಳಿಕೆಗೆ ಅಮೆರಿಕದ ಮುದ್ರೆ ಒತ್ತಿದ್ದಲ್ಲ, ಅಮೆರಿಕದ ಸೈನ್ಯಕ್ಕೆಂದೇ ಮಾಡಿದ್ದು. "ರೆಮಿಂಗ್ಟನ್ ಎಂ1917, ಮೊದಲ ಯುದ್ಧದ ಕಾಲದ ತಯಾರಿ, ಮೂಲ ಬಣ್ಣ, ಹಸಿರು ಚರ್ಮದ ಒರೆ" ಅಂತ ಬರೆದಿಡಿ. ಫ್ರಾನ್ಸಿನ ಕಂದಕ ನೋಡಿತ್ತು ಅನ್ನುವುದನ್ನು ಸೇರಿಸಬೇಡಿ. ಆ ಹಿರಿಯರ ಮಕ್ಕಳನ್ನು ಒಮ್ಮೆ ಕೇಳಿ, ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದರಾ ಅಂತ. ಇದ್ದರೆ ಹೆಸರು ಬರೆಸಿಕೊಳ್ಳಿ.

ಭಾರತಕ್ಕೆ ತರುವುದು ಬೇಡ. ನಮ್ಮ ಶಸ್ತ್ರಾಸ್ತ್ರ ಕಾನೂನಿನಲ್ಲಿ ಬಯೊನೆಟ್ ಶಸ್ತ್ರದ ಲೆಕ್ಕಕ್ಕೇ ಬರುತ್ತದೆ. ಪರವಾನಗಿ ಇಲ್ಲದೆ ದೇಶದೊಳಗೆ ತರುವ ವಸ್ತುವಲ್ಲ. ಮಾವನವರಿಗೆ ಓರೆ ಬೆಳಕಿನ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಿ. ಅವರು ಅಮೆರಿಕಕ್ಕೆ ಬಂದಾಗ ಸ್ಪ್ರಿಂಗ್‌ಫೀಲ್ಡ್‌ಗೆ ಕರೆದುಕೊಂಡು ಹೋಗಿ. ಆ ಸರಕಾರಿ ಕಾರ್ಖಾನೆ 1968ರಲ್ಲಿ ಮುಚ್ಚಿತು, ಈಗ ಅದು ರಾಷ್ಟ್ರೀಯ ಸ್ಮಾರಕ, ಒಳಗೆ ಮ್ಯೂಸಿಯಂ ಇದೆ.

ಓಹಾಯೋ_ಅಕ್ಕ:
ಕ್ಯಾಲಿಪರ್ ಹಿಡಿದುಕೊಂಡು ಹೋಗಿದ್ದೆವು. ಅಂಗಡಿಯವರು ಬೇಸರ ಮಾಡಿಕೊಳ್ಳದೆ ಗಾಜಿನ ಕಪಾಟು ತೆರೆದರು. ಅಳೆದದ್ದು ಮಗ: 0.73. ಉಂಗುರ ಸ್ವಲ್ಪ ತಿರುಗಿಸಿದಾಗ ಅಡಿಯಲ್ಲಿ ಒಂದು ಪಟ್ಟಿಯಷ್ಟು ನೀಲಿಗಪ್ಪು ಬಣ್ಣ ಇತ್ತು. ನೀವು ಬರೆದದ್ದನ್ನು ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರೇ ಚೀಟಿ ತೆಗೆದು "1873, ಟ್ರ್ಯಾಪ್‌ಡೋರ್" ಅಂತ ಬರೆದು ಬೆಲೆ ಇಳಿಸಿದರು. ತೆಗೆದುಕೊಂಡೆವು. ಮೊನೆಗೆ ಕಾರ್ಕ್ ಚುಚ್ಚಿ, ಮಗನ ಕೈಗೆ ಎಟುಕದ ಹಾಗೆ ಕಪಾಟಿನ ಮೇಲಿಟ್ಟಿದ್ದೇನೆ. ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಾಕಬೇಕು?

ಒರೆ_ಅಲಗು:
ತುಂಬಾ ಸಂತೋಷವಾಯಿತು ಅಕ್ಕ. ವರ್ಷಕ್ಕೆ ಎರಡು ಸಲ ಸಾಕು, ಬಟ್ಟೆಗೆ ಒಂದು ಹನಿ. ಬರಿಗೈಯಲ್ಲಿ ಮುಟ್ಟಿದಾಗಲೆಲ್ಲ ಒಮ್ಮೆ ಒರೆಸಿ, ಬೆರಳಿನ ಬೆವರಿನ ಉಪ್ಪು ಉಕ್ಕಿನ ಮೇಲೆ ಅಚ್ಚು ಬೀಳುತ್ತದೆ. ಅಂಗಡಿಯವರು ಬರೆದ ಹೊಸ ಚೀಟಿಯನ್ನು ಎಸೆಯದೆ ಜೊತೆಯಲ್ಲೇ ಇಡಿ.